ನಾಯಿ ಜೊತೆ ಗುಂಪಾಗಿ ಹೊಳೆ ದಂಡೆಯ ಹೋಂಸ್ಟೇಗೆ: ಹೊರಡುವ ಮುಂಚಿನಿಂದ ವಾಪಸ್ ಬರುವವರೆಗೆ

ತೀರ್ಥಹಳ್ಳಿ ಹತ್ತಿರ ತುಂಗೆಯ ದಂಡೆಯಲ್ಲಿ ಒಂದು ಹಳೆಯ ಹೆಂಚಿನ ಮನೆ. ನಾವು ಹನ್ನೊಂದು ಜನ, ಜೊತೆಗೆ ನಮ್ಮ ಚುಕ್ಕಿ. ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಜಗಲಿಯಲ್ಲಿ ಒರಗಿದ್ದೆವು. ಸ್ವಲ್ಪ ಹೊತ್ತಾದ ಮೇಲೆ ಯಾರೋ ಕೇಳಿದರು, "ಚುಕ್ಕಿ ಎಲ್ಲಿ?" ಅವಳು ಮಕ್ಕಳ ಜೊತೆ ಇದ್ದಾಳೆ ಅಂತ ನಾನು ಅಂದುಕೊಂಡಿದ್ದೆ. ಅತ್ತಿಗೆ ಜೊತೆ ಇದ್ದಾಳೆ ಅಂತ ಮಕ್ಕಳು ಅಂದುಕೊಂಡಿದ್ದರು. ಅತ್ತಿಗೆ, ನನ್ನ ಜೊತೆ ಇದ್ದಾಳೆ ಅಂತ.

ಚುಕ್ಕಿ ಹೊಳೆಯ ಆಚೆ ದಡದಲ್ಲಿ ನಿಂತು ಬೊಗಳುತ್ತಿದ್ದಳು. ಏನನ್ನೋ ಅಟ್ಟಿಸಿಕೊಂಡು ಈಜಿ ದಾಟಿದ್ದಳು, ವಾಪಸ್ ಬರಲು ಧೈರ್ಯ ಸಾಲುತ್ತಿರಲಿಲ್ಲ. ಡಿಸೆಂಬರ್ ತಿಂಗಳು, ನೀರು ಕಡಿಮೆ. ಆದರೂ ನಡುವೆ ಸೆಳವು ಇತ್ತು. ಮನೆಯವರು ಪಕ್ಕದ ತೋಟದಿಂದ ತೆಪ್ಪ ತರಿಸಿ, ಮೈಯೆಲ್ಲ ನಡುಗುತ್ತಿದ್ದ ಅವಳನ್ನು ಕಂಬಳಿಯಲ್ಲಿ ಸುತ್ತಿ ಕರೆದುಕೊಂಡು ಬಂದರು. ನನ್ನ ಮಡಿಲಿಗೆ ಬಂದಾಗ ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿದ್ದದ್ದು ಇವತ್ತಿಗೂ ಕೈಗೆ ನೆನಪಿದೆ.

ಒಬ್ಬರೇ ನಾಯಿ ಕರೆದುಕೊಂಡು ಹೋದರೆ ಇಂಥದ್ದು ಅಷ್ಟು ಸುಲಭವಾಗಿ ಆಗುವುದಿಲ್ಲ. ಹತ್ತು ಜನ ಇದ್ದಾಗಲೇ ಆಗುತ್ತದೆ. ಎಲ್ಲರೂ ಇದ್ದಾರೆ ಅಂದರೆ ಯಾರೂ ನೋಡುತ್ತಿಲ್ಲ ಅಂತಲೇ ಅರ್ಥ. ಈ ಲೇಖನ ಬರೆಯುತ್ತಿರುವುದು ಅದಕ್ಕೇ. ಮಲೆನಾಡು, ಕೊಡಗಿನ ಹೊಳೆ ಪಕ್ಕದ ಮನೆಗಳಿಗೆ ನಾಯಿ ಕಟ್ಟಿಕೊಂಡು ಗುಂಪಾಗಿ ಹೋಗುವವರು ಈಗ ಜಾಸ್ತಿ ಆಗಿದ್ದಾರೆ. ಹೋಗಿ, ಖಂಡಿತ ಹೋಗಿ. ಹೊಳೆ ನೀರಿಗೆ ಮೊದಲ ಸಲ ಕಾಲಿಟ್ಟ ನಾಯಿಯ ಮುಖ ನೋಡುವುದೇ ಒಂದು ಸುಖ. ಆದರೆ ಹಗ್ಗ ಯಾರ ಕೈಯಲ್ಲಿದೆ ಅನ್ನುವುದು ಪ್ರತಿ ಗಳಿಗೆಯೂ ಗೊತ್ತಿರಬೇಕು.

ಮೊದಲು ನಿಮ್ಮ ನಾಯಿಯನ್ನು ನೋಡಿ

ಎಲ್ಲ ನಾಯಿಗೂ ಈ ಪ್ರವಾಸ ಹಿಡಿಸುವುದಿಲ್ಲ. ಮನೆಗೆ ನಾಲ್ಕು ಜನ ನೆಂಟರು ಬಂದರೆ ಮಂಚದ ಕೆಳಗೆ ಸೇರುವ ನಾಯಿಗೆ ಹನ್ನೆರಡು ಜನರ ಗದ್ದಲ, ಹೊಸ ಜಾಗ, ಹೊಸ ನಾಯಿಗಳು ಎಲ್ಲ ಒಟ್ಟಿಗೆ ಬಂದರೆ ಹಿಂಸೆ. ಅದನ್ನು ಪರಿಚಯದವರ ಮನೆಯಲ್ಲಿ ಬಿಟ್ಟು ಹೋಗುವುದೇ ಪ್ರೀತಿ. ಲಸಿಕೆಗಳು ಪೂರ್ತಿ ಆಗದ ಮರಿಯನ್ನಂತೂ ಕರೆದೊಯ್ಯಲೇಬೇಡಿ.

ಎಲ್ಲ ನಾಯಿಗೂ ಈಜು ಬರುತ್ತದೆ ಅನ್ನುವುದು ತಪ್ಪು. ಪಗ್, ಬುಲ್‌ಡಾಗ್ ತರಹದ ಚಪ್ಪಟೆ ಮೂತಿಯ ನಾಯಿಗಳು ನೀರಲ್ಲಿ ಬೇಗ ಸುಸ್ತಾಗುತ್ತವೆ, ಮುಳುಗುತ್ತವೆ. ಮುಧೋಳ ನಾಯಿಗೆ ಮೈಯಲ್ಲಿ ಕೊಬ್ಬು ಕಡಿಮೆ, ತಣ್ಣೀರಲ್ಲಿ ಬೇಗ ಚಳಿ ಹಿಡಿಯುತ್ತದೆ. ಲ್ಯಾಬ್ರಡಾರ್‌ಗೆ ನೀರು ಕಂಡರೆ ಹುಚ್ಚು, ಆದರೆ ಯಾವ ನೀರಿಗೆ ಹಾರಬಾರದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಕರೆದ ತಕ್ಷಣ ವಾಪಸ್ ಬರುವ ಅಭ್ಯಾಸ ಇದೆಯಾ ಅನ್ನುವುದೇ ಮುಖ್ಯ ಪ್ರಶ್ನೆ. ಇಲ್ಲ ಅಂದರೆ ಇಡೀ ಪ್ರವಾಸ ಹಗ್ಗದಲ್ಲೇ ಕಳೆಯಬೇಕು, ಅದಕ್ಕೆ ಮನಸ್ಸು ಸಿದ್ಧ ಮಾಡಿಕೊಳ್ಳಿ.

ಯಾವ ಕಾಲ, ಯಾವ ಹೊಳೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆ ನೋಡುವುದಕ್ಕೆ ಚಂದ, ಇಳಿಯುವುದಕ್ಕಲ್ಲ. ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಪ್ರವಾಹ, ಗುಡ್ಡ ಕುಸಿತದಿಂದ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಅಕ್ಟೋಬರ್ ಕೊನೆಗೆ ನೀರು ತಿಳಿಯಾಗಲು ಶುರುವಾಗುತ್ತದೆ. ನವೆಂಬರ್‌ನಿಂದ ಫೆಬ್ರವರಿ ನನ್ನ ಪ್ರಕಾರ ಒಳ್ಳೆಯ ಕಾಲ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ಇಳಿದು ಬಂಡೆಗಳ ನಡುವೆ ಸಣ್ಣ ಮಡುಗಳು ಉಳಿಯುತ್ತವೆ. ಮಕ್ಕಳಿಗೂ ನಾಯಿಗೂ ಅದು ಸುಲಭ, ಆದರೆ ದಾರಿಯಲ್ಲಿ ಬಿಸಿಲು ಜಾಸ್ತಿ.

ಹೊಳೆಯಿಂದ ಹೊಳೆಗೆ ಗುಣ ಬೇರೆ. ಸಕಲೇಶಪುರ, ಮೂಡಿಗೆರೆ ಕಡೆ ಹೇಮಾವತಿ. ಕಳಸ, ಬಾಳೆಹೊನ್ನೂರು ಕಡೆ ಭದ್ರಾ. ಶೃಂಗೇರಿಯಿಂದ ತೀರ್ಥಹಳ್ಳಿವರೆಗೆ ತುಂಗಾ. ಇಲ್ಲೆಲ್ಲ ಮೇಲೆ ಘಟ್ಟದಲ್ಲಿ ಮಳೆ ಬಿದ್ದರೆ ನೀರು ಏರುತ್ತದೆ, ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಸರಿ. ದಾಂಡೇಲಿ ಕಡೆಯ ಕಾಳಿ ನದಿ ಬೇರೆ ತರಹ. ಅಲ್ಲಿ ಸೂಪಾ ಅಣೆಕಟ್ಟಿನಿಂದ ವಿದ್ಯುತ್‌ಗಾಗಿ ನೀರು ಬಿಟ್ಟಾಗ ಹರಿವು ಬೇಗ ಬದಲಾಗುತ್ತದೆ. ಮೇಲಾಗಿ ಅಲ್ಲಿ ಮೊಸಳೆಗಳಿವೆ. ದಾಂಡೇಲಿಯಲ್ಲಿ ನಾಯಿಯನ್ನು ನೀರಿನ ಅಂಚಿಗೂ ಬಿಡಬೇಡಿ. ದಡದಲ್ಲಿ ಬಗ್ಗಿ ನೀರು ಕುಡಿಯುವ ನಾಯಿ ಮೊಸಳೆಗೆ ಸುಲಭದ ತುತ್ತು. ಶ್ರೀರಂಗಪಟ್ಟಣ, ರಂಗನತಿಟ್ಟಿನ ಕಡೆಯ ಕಾವೇರಿಗೂ ಇದೇ ಮಾತು. ಕುಶಾಲನಗರದಿಂದ ಕೆಳಗೆ ಕಾವೇರಿಗೆ ಹಾರಂಗಿಯ ನೀರು ಸೇರುತ್ತದೆ. ಅಲ್ಲಿಗೆ ಹೋಗುವುದಾದರೆ ಅಣೆಕಟ್ಟಿನಿಂದ ನೀರು ಬಿಡುತ್ತಿದ್ದಾರಾ ಅಂತ ವಿಚಾರಿಸಿ.

ನಾಗರಹೊಳೆ, ಬಂಡೀಪುರದಂಥ ರಾಷ್ಟ್ರೀಯ ಉದ್ಯಾನಗಳ ಒಳಗೆ, ಸಫಾರಿಗೆ, ಸಾಕುನಾಯಿ ಬಿಡುವುದಿಲ್ಲ. ಗುಂಪಿನಲ್ಲಿ ಯಾರಿಗಾದರೂ ಸಫಾರಿ ಆಸೆ ಇದ್ದರೆ ಆ ಹೊತ್ತಿನಲ್ಲಿ ನಾಯಿ ಜೊತೆ ಉಳಿಯುವವರು ಯಾರು ಅಂತ ಮೊದಲೇ ತೀರ್ಮಾನಿಸಿ.

ಮನೆ ಗೊತ್ತು ಮಾಡುವಾಗ

"ಪೆಟ್ ಫ್ರೆಂಡ್ಲಿ" ಅಂತ ಹಾಕಿರುತ್ತಾರೆ. ಅದರ ಅರ್ಥ ಮನೆಯಿಂದ ಮನೆಗೆ ಬೇರೆ. ಒಬ್ಬರಿಗೆ ನಾಯಿ ನಿಮ್ಮ ಕೋಣೆಯಲ್ಲೇ ಮಲಗಬಹುದು. ಇನ್ನೊಬ್ಬರಿಗೆ ಅಂಗಳದ ಕಂಬಕ್ಕೆ ಕಟ್ಟಿದರೆ ಅಭ್ಯಂತರವಿಲ್ಲ ಅಂತ ಅಷ್ಟೇ. ಮಲೆನಾಡಿನಲ್ಲಿ ಹೊರಗೆ ಕಟ್ಟಿದ ನಾಯಿಗೆ ಚಿರತೆಯ ಭಯ ಇದ್ದೇ ಇದೆ. ಹಾಗಾಗಿ ಫೋನ್ ಮಾಡಿದ ತಕ್ಷಣ ಕೇಳಬೇಕಾದ ಮೊದಲ ಮಾತು: "ರಾತ್ರಿ ನಾಯಿ ಎಲ್ಲಿ ಮಲಗುತ್ತೆ?" ಒಳಗೆ ಬಾಗಿಲು ಹಾಕಿದ ಕೋಣೆಯಲ್ಲಿ ಅನ್ನುವ ಉತ್ತರ ಬರದಿದ್ದರೆ ಬೇರೆ ಮನೆ ನೋಡಿ. ಈ ವಿಷಯದಲ್ಲಿ ನಾನು ಯಾವತ್ತೂ ರಾಜಿ ಮಾಡಿಕೊಂಡಿಲ್ಲ.

ಎರಡನೆಯದು, ಹೊಳೆ ನಿಜವಾಗಿ ಎಷ್ಟು ದೂರ. ಫೋಟೋದಲ್ಲಿ ಹೊಳೆ ಜಗಲಿಗೆ ತಾಗಿಕೊಂಡ ಹಾಗೆ ಕಾಣುತ್ತದೆ. ಹೋಗಿ ನೋಡಿದರೆ ತೋಟದ ನಡುವೆ ಒಂದು ಕಿಲೋಮೀಟರ್ ಇಳಿಜಾರು. ಕೋಣೆಯ ಬಾಗಿಲಿನಿಂದ ನೀರಿನವರೆಗೆ ನಡೆದುಕೊಂಡು ಹೋಗಿ ಒಂದು ವಿಡಿಯೋ ಕಳಿಸಲು ಕೇಳಿ. ಒಳ್ಳೆಯ ಮನೆಯವರು ಸಂತೋಷದಿಂದ ಕಳಿಸುತ್ತಾರೆ. ಆ ವಿಡಿಯೋದಲ್ಲಿ ಇಳಿಯುವ ಜಾಗ ಮರಳಾ ಬಂಡೆಯಾ, ದಂಡೆ ಕಡಿದಾಗಿದೆಯಾ, ಮನೆಗೆ ಬೇಲಿ ಗೇಟು ಇದೆಯಾ ಎಲ್ಲ ಗೊತ್ತಾಗುತ್ತದೆ. ತೀರಾ ನೀರಿಗೆ ತಾಗಿದ ಮನೆಗಿಂತ ನೂರಿನ್ನೂರು ಅಡಿ ಮೇಲಿರುವ ಮನೆ ನಾಯಿಗೆ ಕ್ಷೇಮ ಅಂತ ನನ್ನ ಅನುಭವ. ಬಾಗಿಲು ತೆರೆದಿಟ್ಟ ತಕ್ಷಣ ಅದು ನೀರಿಗೆ ಓಡುವುದಿಲ್ಲ.

ಆ ಮನೆಯಲ್ಲಿ ಸಾಕಿದ ನಾಯಿ ಎಷ್ಟು, ಕೋಳಿ ಬಿಟ್ಟಿರುತ್ತಾರಾ, ಕೊಟ್ಟಿಗೆಯಲ್ಲಿ ಕರು ಇದೆಯಾ ಕೇಳಿ. ಆ ವಾರ ಬೇರೆ ಗುಂಪು ಇರುತ್ತದಾ, ಅವರಿಗೂ ನಾಯಿ ಇದೆಯಾ ಅಂತಲೂ ಕೇಳಿ. ಹತ್ತು ಹನ್ನೆರಡು ಜನ ಇದ್ದರೆ ಇಡೀ ಮನೆ ಹಿಡಿಯುವುದೇ ಮೇಲು. ನಾಯಿಗೆ ಎಷ್ಟು ದುಡ್ಡು, ಏನಾದರೂ ಹಾಳಾದರೆ ಯಾರು ಕೊಡಬೇಕು ಅನ್ನುವುದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಂಡು ಆಮೇಲೆ ಅಡ್ವಾನ್ಸ್ ಕಳಿಸಿ.

ಇನ್ನೊಂದು ಪ್ರಶ್ನೆಯನ್ನು ಹೊರಗಿನವರು ಕೇಳುವುದೇ ಇಲ್ಲ, ಆದರೆ ತೋಟದವರಿಗೆ ತಕ್ಷಣ ಅರ್ಥವಾಗುತ್ತದೆ: "ಈಗ ತೋಟದಲ್ಲಿ ಏನಾದರೂ ಹೊಡೆದಿದ್ದೀರಾ, ಇಟ್ಟಿದ್ದೀರಾ?" ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರದಿರಲಿ ಅಂತ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆದಿರುತ್ತಾರೆ. ಶನಿವಾರಸಂತೆ ಕಡೆ ಆಫ್ರಿಕನ್ ಬಸವನಹುಳುವಿನ ಕಾಟಕ್ಕೆ ವಿಷದ ಗುಳಿಗೆ ಹಾಕುವುದುಂಟು. ಆ ಗುಳಿಗೆ ತಿಂಡಿಯ ಹಾಗೆ ವಾಸನೆ ಬರುತ್ತದೆ, ನಾಯಿ ತಿಂದರೆ ಫಿಟ್ಸ್ ಬಂದು ಸಾಯಬಹುದು. ಇಲಿ ಪಾಷಾಣವೂ ಅಷ್ಟೇ. ಕಾಡಿನ ಅಂಚಿನಲ್ಲಿ ಹಂದಿಗೆ ಅಂತ ಯಾರೋ ಕದ್ದು ಉರುಳು ಹಾಕಿರುತ್ತಾರೆ, ಸಿಡಿಮದ್ದು ಇಟ್ಟಿರುತ್ತಾರೆ. ಕಚ್ಚಿದ ದನ, ನಾಯಿಗಳ ದವಡೆ ಹಾರಿಹೋಗುತ್ತದೆ. ಬೇಲಿಯ ಆಚೆ ನಾಯಿಯನ್ನು ಬಿಡಬೇಡಿ ಅಂತ ಮನೆಯವರು ಹೇಳಿದರೆ ಅದನ್ನು ಸುಮ್ನೆ ಮಾತು ಅಂದುಕೊಳ್ಳಬೇಡಿ.

ಗುಂಪಿನಲ್ಲಿ ಮಾತಾಡಿ ಮುಗಿಸಿ

ನಾಯಿ ಬರುತ್ತದೆ ಅನ್ನುವುದನ್ನು ಮನೆ ಬುಕ್ ಮಾಡುವ ಮುಂಚೆ ಎಲ್ಲರಿಗೂ ಹೇಳಬೇಕು. ಯಾರಿಗೋ ನಾಯಿ ಅಂದರೆ ಭಯ, ಯಾರ ಮಗುವಿಗೋ ಕೂದಲಿನ ಅಲರ್ಜಿ. ಅವರು ಗುಂಪಿನ ಮುಂದೆ ಹೇಳಲು ಸಂಕೋಚ ಪಡುತ್ತಾರೆ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಫೋನ್ ಮಾಡಿ ಕೇಳಿ. ಭಯ ಇರುವವರಿಗೆ ನಾಯಿ ಬರದ ಒಂದು ಕೋಣೆ, ಒಂದು ಜಗಲಿ ಇರಲಿ.

ಆಮೇಲೆ ಪಾಳಿ. ತುಂಗೆಯ ಆ ಮಧ್ಯಾಹ್ನದ ನಂತರ ನಾವು ಮಾಡಿಕೊಂಡ ನಿಯಮ ಇದು. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಎರಡೆರಡು ಗಂಟೆಗೆ ಒಬ್ಬರು. ಒಂದು ಹಾಳೆಯಲ್ಲಿ ಹೆಸರು ಬರೆದು ಊಟದ ಮನೆಯ ಬಾಗಿಲಿಗೆ ಅಂಟಿಸುತ್ತೇವೆ. ಪಾಳಿ ಬದಲಾಗುವಾಗ ಹಗ್ಗವನ್ನು ಕೈಯಿಂದ ಕೈಗೆ ಕೊಟ್ಟು ಬಾಯಿಬಿಟ್ಟು ಹೇಳಬೇಕು, "ಈಗಿಂದ ನಿಂದು." ತೆಗೆದುಕೊಂಡವರು "ಹೂಂ, ನಂದು" ಅನ್ನಬೇಕು. ಹಗ್ಗವನ್ನು ಕುರ್ಚಿಗೆ ಸಿಕ್ಕಿಸಿ ಹೋಗುವ ಹಾಗಿಲ್ಲ. ಪಾಳಿಯಲ್ಲಿರುವವರು ಕುಡಿದಿರಬಾರದು. ಹದಿನಾಲ್ಕು ವರ್ಷದ ಒಳಗಿನ ಮಕ್ಕಳು ಜೊತೆಗೆ ಇರಬಹುದು, ಪಾಳಿ ಅವರದಲ್ಲ. ಈ ನಿಯಮ ಬಂದ ಮೇಲೆ ನಾಯಿಯ ಯಜಮಾನರಿಗೂ ನಾಲ್ಕು ಗಂಟೆ ನೆಮ್ಮದಿಯಿಂದ ಇಸ್ಪೀಟು ಆಡಲು ಸಿಗುತ್ತದೆ. ಅದಕ್ಕೆ ಮುಂಚೆ ಅವರು ಇಡೀ ದಿನ ಕತ್ತು ತಿರುಗಿಸುತ್ತಲೇ ಇರುತ್ತಿದ್ದರು.

ಆರು ವಾರ ಮುಂಚೆ ಡಾಕ್ಟರ್ ಹತ್ತಿರ

ಹಿಂದಿನ ದಿನ ಓಡಿದರೆ ಪ್ರಯೋಜನ ಇಲ್ಲ. ರೇಬಿಸ್ ಲಸಿಕೆ ಈ ವರ್ಷದ್ದು ಆಗಿರಬೇಕು. ಹೊಳೆ, ಗದ್ದೆಯ ನೀರಿನಿಂದ ಇಲಿ ಜ್ವರ ಬರುತ್ತದೆ. ಇದು ಇಲಿಯ ಮೂತ್ರ ಸೇರಿದ ನೀರಿನಿಂದ ಬರುವ ಕಾಯಿಲೆ, ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ನಾಯಿಗೆ ಹಾಕುವ ಎಲ್ಲ ಲಸಿಕೆಯಲ್ಲೂ ಇದು ಸೇರಿರುವುದಿಲ್ಲ, ಹಾಗಾಗಿ ಕಾರ್ಡ್ ತೋರಿಸಿ ಕೇಳಿ. ಮೊದಲ ಸಲ ಹಾಕಿಸುವುದಾದರೆ ಎರಡು ಡೋಸ್ ಬೇಕು, ನಡುವೆ ಮೂರು ನಾಲ್ಕು ವಾರ. ಆರು ವಾರ ಅಂದದ್ದು ಇದಕ್ಕೇ. ಉಣುಗಿಗೆ (ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ, ಟಿಕ್) ಕೊಡುವ ಮಾತ್ರೆಗಳಲ್ಲಿ ಒಂದು ತಿಂಗಳು ಕೆಲಸ ಮಾಡುವುದೂ ಇದೆ, ಮೂರು ತಿಂಗಳಿನದೂ ಇದೆ. ನಿಮ್ಮ ನಾಯಿಯ ತೂಕ, ವಯಸ್ಸಿಗೆ ಯಾವುದು ಸರಿ ಅಂತ ಡಾಕ್ಟರ್ ಹೇಳಲಿ. ಫಿಟ್ಸ್ ಬರುವ ನಾಯಿಯಾದರೆ ಅದನ್ನು ಮರೆಯದೆ ತಿಳಿಸಿ.

ಹೋಗುವ ಊರಿನ ಪಶು ಆಸ್ಪತ್ರೆ ಎಲ್ಲಿದೆ, ಭಾನುವಾರ ಯಾರು ಇರುತ್ತಾರೆ, ಹಾವು ಕಡಿತದ ಔಷಧಿ ಸಿಗುತ್ತದಾ ಅಂತ ಹೋಂಸ್ಟೇಯವರ ಹತ್ತಿರವೇ ವಿಚಾರಿಸಿ ಬರೆದಿಟ್ಟುಕೊಳ್ಳಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಅದು ಮುಖ್ಯವಾಗಿ ದನಕರುಗಳಿಗೆ ಇರುವುದು, ಆದರೂ ಹತ್ತಿರದ ಡಾಕ್ಟರ್ ಯಾರು ಅಂತ ಕೇಳಲು ನಂಬರ್ ಕೈಯಲ್ಲಿರಲಿ. ಹಲವು ತೋಟದ ಮನೆಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಹಾಗಾಗಿ ಕಾಗದದ ಮೇಲೆ ಬರೆಯಿರಿ.

ಚೀಲಕ್ಕೆ ಏನೇನು

ಮೈಗೆ ಸರಿಯಾಗಿ ಕೂರುವ ಹಾರ್ನೆಸ್, ಹತ್ತು ಮೀಟರ್ ಉದ್ದದ ತೇಲುವ ಹಗ್ಗ, ನಾಯಿಯ ಲೈಫ್ ಜಾಕೆಟ್. ಕುತ್ತಿಗೆಯ ಬೆಲ್ಟಿನ ಮೇಲೆ ನಿಮ್ಮ ಫೋನ್ ನಂಬರ್. ಅದರ ಹಳೆಯ ಹಾಸಿಗೆ, ತೊಳೆಯದೇ ತನ್ನಿ, ಆ ವಾಸನೆ ಇದ್ದರೆ ಹೊಸ ಜಾಗದಲ್ಲೂ ನಿದ್ದೆ ಬರುತ್ತದೆ. ದಿನಾ ತಿನ್ನುವ ಆಹಾರ ಒಂದು ದಿನದ್ದು ಜಾಸ್ತಿಯೇ ಇರಲಿ. ಮೂರು ನಾಲ್ಕು ಹಳೆಯ ಟವೆಲ್, ಚಿಮುಟ, ಉಪ್ಪು, ಹತ್ತಿ, ಬ್ಯಾಂಡೇಜು, ಗ್ಲೋವ್ಸ್, ಲಸಿಕೆ ಕಾರ್ಡಿನ ಫೋಟೋ, ಹೇಲು ಎತ್ತುವ ಕವರು. ನೋವಿಗೆ ಅಂತ ನಾವು ನುಂಗುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ನಾಯಿಗೆ ಕೊಡಬಾರದು.

ದಾರಿ

ಬೆಂಗಳೂರಿನಿಂದ ಸಕಲೇಶಪುರಕ್ಕೆ, ಕುಶಾಲನಗರಕ್ಕೆ ಸುಮಾರು 220 ಕಿಲೋಮೀಟರ್. ತೀರ್ಥಹಳ್ಳಿ ಇನ್ನೂ ನೂರು ಕಿಲೋಮೀಟರ್ ಜಾಸ್ತಿ. ಟಿಟಿ (ಟೆಂಪೋ ಟ್ರಾವೆಲರ್) ಹಿಡಿಯುವುದಾದರೆ ನಾಯಿ ಬರುತ್ತದೆ ಅಂತ ಡ್ರೈವರ್‌ಗೆ ಮೊದಲೇ ಹೇಳಿ, ಸೀಟಿಗೆ ಟಾರ್ಪಾಲು ಹಾಸಿ. ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ಊಟ ನಿಲ್ಲಿಸಿ, ತಿರುವು ಶುರುವಾದ ಮೇಲೆ ವಾಂತಿ ಕಡಿಮೆ ಆಗುತ್ತದೆ. ಎರಡು ಗಂಟೆಗೊಮ್ಮೆ ನಿಲ್ಲಿಸಿ. ಕಾರಿನ ಬಾಗಿಲು ತೆಗೆಯುವ ಮುಂಚೆ ಹಗ್ಗ ಹಾಕಿರಬೇಕು. ಹೆದ್ದಾರಿ ಪಕ್ಕ ನಾಯಿ ಕಳೆದುಹೋಗುವುದು ಆ ಒಂದು ಕ್ಷಣದಲ್ಲೇ. ತಿಂಡಿಗೆ ಇಳಿದಾಗ ನಾಯಿಯನ್ನು ಕಾರಲ್ಲಿ ಬಿಟ್ಟು ಗಾಜು ಏರಿಸಿ ಹೋಗಬೇಡಿ. ನೆರಳಲ್ಲಿ ನಿಲ್ಲಿಸಿದರೂ ಒಳಗೆ ಕಾವು ಬೇಗ ಏರುತ್ತದೆ. ಗುಂಪಿನಲ್ಲಿ ಹೋಗುವುದರ ಲಾಭ ಇಲ್ಲೇ ಇದೆ, ಅರ್ಧ ಜನ ತಿನ್ನಲಿ, ಇನ್ನರ್ಧ ನಾಯಿ ಜೊತೆ ನಿಲ್ಲಲಿ.

ತಲುಪಿದ ಮೊದಲ ಗಂಟೆ

ಮನೆಯ ನಾಯಿಗಳಿಗೆ ಅದು ಅವುಗಳ ರಾಜ್ಯ. ನಿಮ್ಮದನ್ನು ಸೀದಾ ಅಂಗಳಕ್ಕೆ ಇಳಿಸಬೇಡಿ. ಗೇಟಿನ ಹೊರಗೆ, ರಸ್ತೆಯ ಮೇಲೆ ಎರಡೂ ಕಡೆಯವರು ಸ್ವಲ್ಪ ದೂರ ಒಟ್ಟಿಗೆ ನಡೆಯಿರಿ. ಮೂಸಿ ನೋಡಲಿ. ಬಾಲ, ಕಿವಿ ಸಡಿಲವಾದ ಮೇಲೆ ಒಳಗೆ ಬನ್ನಿ. ಊಟದ ತಟ್ಟೆ ಬೇರೆ ಬೇರೆ ಕಡೆ ಇರಲಿ, ಜಗಳ ಶುರುವಾಗುವುದು ತಟ್ಟೆಯ ಹತ್ತಿರವೇ.

ನಂತರ ಹಗ್ಗ ಹಿಡಿದು ಮನೆಯ ಸುತ್ತ ಒಂದು ಸುತ್ತು. ಮನೆಯವರನ್ನೇ ಜೊತೆಗೆ ಕರೆಯಿರಿ. ದೇವರ ಕೋಣೆ, ಅಡುಗೆಮನೆ ಎಲ್ಲಿದೆ, ಎಲ್ಲಿಯವರೆಗೆ ನಾಯಿ ಬರಬಹುದು ಅಂತ ಅವರು ತೋರಿಸಲಿ. ಕೊಯ್ಲಿನ ಕಾಲವಾದರೆ ಕಣದಲ್ಲಿ ಕಾಫಿ, ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ. ಅದರ ಮೇಲೆ ನಾಯಿ ಓಡಾಡಿದರೆ, ಉಚ್ಚೆ ಹೊಯ್ದರೆ ಅವರು ಬಾಯಿಬಿಟ್ಟು ಹೇಳದೇ ಇರಬಹುದು, ಆದರೆ ಅದು ಅವರ ವರ್ಷದ ದುಡಿಮೆ ಅಲ್ವಾ. ಕೋಳಿಗೆ ಬಾಯಿ ಹಾಕಿದರೆ ಕೇಳುವ ಮುಂಚೆಯೇ ದುಡ್ಡು ಕೊಟ್ಟುಬಿಡಿ.

ಊಟದ ವಿಷಯ ಎಲ್ಲರಿಗೂ ಒಂದೇ ಸಲ ಹೇಳಿ: ಯಾರೂ ತಟ್ಟೆಯಿಂದ ತೆಗೆದು ಹಾಕಬಾರದು. ಹನ್ನೊಂದು ಜನ ಪ್ರೀತಿಯಿಂದ ಒಂದೊಂದು ತುತ್ತು ಕೊಟ್ಟರೆ ನಾಯಿಯ ಹೊಟ್ಟೆ ಕೆಡುತ್ತದೆ. ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತದೆ, ಎರಡೂ ನಾಯಿಗೆ ವಿಷ. ಬೆಂದ ಕೋಳಿ ಮೂಳೆ ಚೂರಾಗಿ ಕರುಳಿಗೆ ಚುಚ್ಚುತ್ತದೆ.

ಹೊಳೆಗೆ ಇಳಿಯುವಾಗ

ಮೊದಲು ನಾಯಿ ಇಲ್ಲದೆ ನೀವು ಇಳಿಯಿರಿ. ಮನೆಯವರು ತೋರಿಸಿದ ಜಾಗದಲ್ಲೇ ಇಳಿಯಿರಿ. ಮಡು ಎಲ್ಲಿ, ಸುಳಿ ಎಲ್ಲಿ, ಪಾಚಿ ಕಟ್ಟಿದ ಬಂಡೆ ಯಾವುದು ಅಂತ ಅವರಿಗೆ ಚಿಕ್ಕಂದಿನಿಂದ ಗೊತ್ತಿರುತ್ತದೆ. ನೋಡಬೇಕಾದ್ದು ಇಳಿಯುವ ಜಾಗಕ್ಕಿಂತ ಹತ್ತುವ ಜಾಗವನ್ನು. ನಾಯಿ ಇಳಿದಲ್ಲೇ ಹತ್ತುವುದಿಲ್ಲ, ಹರಿವು ಅದನ್ನು ಸ್ವಲ್ಪ ಕೆಳಗೆ ಒಯ್ಯುತ್ತದೆ. ಇಪ್ಪತ್ತು ಮೂವತ್ತು ಅಡಿ ಕೆಳಗೆ ದಂಡೆ ಮೆಟ್ಟಿಲಿನ ಹಾಗೆ ಇಳಿಜಾರಾಗಿದ್ದರೆ ಸರಿ. ಅಲ್ಲಿ ಕಡಿದಾದ ಮಣ್ಣಿನ ಗೋಡೆ ಇದ್ದರೆ ನಾಯಿ ಅದನ್ನು ಕೆರೆದು ಕೆರೆದು ಸುಸ್ತಾಗಿ ಮುಳುಗುತ್ತದೆ. ಅಂಥ ಜಾಗ ಬೇಡ.

ಹಗ್ಗವನ್ನು ಹಾರ್ನೆಸ್‌ಗೆ ಸಿಕ್ಕಿಸಿ, ಕುತ್ತಿಗೆಯ ಬೆಲ್ಟಿಗೆ ಅಲ್ಲ. ನಿಮ್ಮ ಕಡೆಯ ತುದಿಯಲ್ಲಿ ಕುಣಿಕೆ, ಗಂಟು ಇರಬಾರದು. ಇದ್ದರೆ ಬಂಡೆಯ ಸಂದಿಗೆ ಸಿಕ್ಕಿ, ಹರಿವು ನಾಯಿಯನ್ನು ನೀರಿನೊಳಗೆ ಒತ್ತುತ್ತದೆ. ಇದೇ ಕಾರಣಕ್ಕೆ ಹಗ್ಗವನ್ನು ಮರಕ್ಕೆ ಕಟ್ಟಬೇಡಿ, ಕೈಗೆ ಸುತ್ತಿಕೊಳ್ಳಬೇಡಿ. ಸುಮ್ನೆ ಹಿಡಿದುಕೊಳ್ಳಿ, ಬಿಡಬೇಕಾದಾಗ ಬಿಡುವ ಹಾಗೆ.

ನಾಯಿಯನ್ನು ಎತ್ತಿ ನೀರಿಗೆ ಎಸೆಯುವವರು ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ಅದನ್ನು ನಿಲ್ಲಿಸಿ. ಮೊಣಕಾಲುದ್ದ ನೀರಲ್ಲಿ ನೀವು ಕುಳಿತುಕೊಳ್ಳಿ, ಅದಾಗಿ ಬರಲಿ. ಹತ್ತು ಹದಿನೈದು ನಿಮಿಷ ಆಟ, ಆಮೇಲೆ ದಡದಲ್ಲಿ ವಿಶ್ರಾಂತಿ. ಕೋಲು ಎಸೆದು ತರಿಸುವ ಆಟದಲ್ಲಿ ಪ್ರತಿ ಸಲವೂ ನಾಯಿ ಬಾಯಿ ತುಂಬ ನೀರು ನುಂಗುತ್ತದೆ. ಜಾಸ್ತಿ ಆದರೆ ರಕ್ತದಲ್ಲಿ ಉಪ್ಪಿನ ಅಂಶ ಇಳಿದು ತೂರಾಡುತ್ತದೆ, ವಾಂತಿ ಮಾಡುತ್ತದೆ. ಇದು ಪ್ರಾಣಕ್ಕೆ ಅಪಾಯ. ಸರದಿಯ ಮೇಲೆ ಎಸೆಯುವ ಹತ್ತು ಜನರಿಗೆ ಸುಸ್ತಾಗುವುದಿಲ್ಲ, ನಾಯಿಗೆ ಆಗುತ್ತದೆ.

ಸಕಲೇಶಪುರದ ಹತ್ತಿರ ಹೇಮಾವತಿ ದಂಡೆಯಲ್ಲಿ ತೋಟದ ಕೆಲಸದ ಹಿರಿಯರೊಬ್ಬರು ನಮಗೆ ಹೇಳಿದ ಮಾತು: "ನೀರಲ್ಲಿ ಎಲೆ, ಕಡ್ಡಿ ಬರೋಕೆ ಶುರುವಾದ್ರೆ ಮೇಲೆ ಎದ್ದುಬಿಡಿ. ನೀರು ಕೆಂಪಾಗೋ ತನಕ ಕಾಯಬೇಡಿ." ಮೇಲೆ ಮಳೆ ಆಗಿದೆ ಅನ್ನುವುದಕ್ಕೆ ಅದೇ ಗುರುತು. ದಡದಲ್ಲಿ ಒಂದು ಬಿಳಿ ಕಲ್ಲನ್ನು ನೀರಿನ ಅಂಚಿಗೆ ಸರಿಯಾಗಿ ಇಟ್ಟುಕೊಳ್ಳಿ. ಕಲ್ಲು ಮುಳುಗಿದರೆ ಆಟ ಮುಗಿಯಿತು, ಎಲ್ಲರೂ ಮೇಲೆ.

ನಾಯಿ ಸೆಳವಿಗೆ ಸಿಕ್ಕರೆ ಯಾರೂ ಹಾರಬೇಡಿ. ನಾಯಿಯನ್ನು ಉಳಿಸಲು ಹೋಗಿ ಮನುಷ್ಯರು ಮುಳುಗಿದ್ದಾರೆ. ದಂಡೆಯ ಉದ್ದಕ್ಕೂ ಕೆಳಗೆ ಓಡಿ, ಅದರ ಮುಂದೆ ಹೋಗಿ, ನೀರು ಕಡಿಮೆ ಇರುವ ಕಡೆ ನಿಂತು ಹೆಸರು ಹಿಡಿದು ಕರೆಯಿರಿ. ನಿಮ್ಮ ದನಿ ಬಂದ ಕಡೆ ಅದು ಈಜುತ್ತದೆ.

ದೇವಸ್ಥಾನದ ಘಟ್ಟಗಳಲ್ಲಿ ನಾಯಿ ಇಳಿಸಬೇಡಿ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮೀನುಗಳೇ ದೇವರ ಮೀನು. ಕೊಡಗಿನ ದೇವರಕಾಡುಗಳಿಗೂ ನಾಯಿ ಬೇಡ. ಹೊಳೆಯಲ್ಲಿ ಶಾಂಪೂ ಹಾಕಿ ಸ್ನಾನ ಮಾಡಿಸುವುದೂ ಬೇಡ. ಕೆಳಗಿನ ಊರಿನವರು ಅದೇ ನೀರು ಬಳಸುತ್ತಾರೆ.

ಮೇಲೆ ಬಂದ ಮೇಲೆ ಮೈ ಒರೆಸಿ, ಕಿವಿಯ ಒಳಗೂ ಹತ್ತಿಯಿಂದ ಒರೆಸಿ. ಒದ್ದೆ ಉಳಿದ ಕಿವಿಗೆ ಸೋಂಕಾಗಬಹುದು.

ಇಂಬಳ (ಜಿಗಣೆ) ಮತ್ತು ಉಣುಗು

ಅದೇ ಹೇಮಾವತಿ ದಂಡೆ, ಅಕ್ಟೋಬರ್. ಎರಡನೇ ದಿನ ಬೆಳಿಗ್ಗೆ ಚುಕ್ಕಿ ಒಂದೇ ಸಮನೆ ಸೀನುತ್ತಿದ್ದಳು. ಬಲ ಹೊಳ್ಳೆಯಿಂದ ತೊಟ್ಟು ತೊಟ್ಟು ರಕ್ತ. ನಮಗೆ ಕೈಕಾಲು ಆಡಲಿಲ್ಲ. ಮನೆಯ ಅಮ್ಮ ಬಂದು ನೋಡಿ, "ಇಂಬಳ ಹೊಕ್ಕಿದೆ ಅಷ್ಟೇ, ಹೆದರಬೇಡಿ" ಅಂದರು. ಮಧ್ಯಾಹ್ನದವರೆಗೆ ನೀರು ಕೊಡಬೇಡಿ ಅಂದರು. ಆಮೇಲೆ ಒಂದು ಸ್ಟೀಲ್ ಬೋಗುಣಿಯಲ್ಲಿ ಬಾವಿಯ ತಣ್ಣೀರು ತುಂಬಿ ಅವಳ ಮೂತಿಯ ಕೆಳಗೆ ಇಟ್ಟರು. ಚುಕ್ಕಿ ಬಗ್ಗಿ ಕುಡಿಯುತ್ತಿದ್ದ ಹಾಗೆ ಹೊಳ್ಳೆಯ ಅಂಚಿನಲ್ಲಿ ಕಪ್ಪನೆಯ ತುದಿಯೊಂದು ಕಂಡಿತು, ಒಳಗೆ ಹೋಯಿತು, ಮತ್ತೆ ನೀರಿನ ಕಡೆ ಚಾಚಿತು. ಮೂರನೇ ಸಲ ಅಮ್ಮ ಒಣ ಬಟ್ಟೆಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದು, ಎಳೆಯದೆ, ಅದು ಸಡಿಲವಾಗುವ ತನಕ ಕಾದು ತೆಗೆದರು. ಕಿರುಬೆರಳಿನಷ್ಟು ದಪ್ಪ ಆಗಿತ್ತು. ನಿಮಗೆ ಹೀಗೆ ಆದರೆ, ಒಂದು ದಿನದಲ್ಲಿ ಬರದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಮೂಗಿನೊಳಗೆ ಉಪ್ಪು ಮಾತ್ರ ಹಾಕಬೇಡಿ.

ಚರ್ಮಕ್ಕೆ ಕಚ್ಚಿದ್ದಕ್ಕೆ ಸ್ವಲ್ಪ ಉಪ್ಪು ಸಾಕು, ಉದುರುತ್ತದೆ. ರಕ್ತ ಸ್ವಲ್ಪ ಹೊತ್ತು ಒಸರುತ್ತಲೇ ಇರುತ್ತದೆ, ಗಾಬರಿ ಬೇಡ. ನಾವು ಕಾಲಿಗೆ ಹಚ್ಚಿಕೊಳ್ಳುವ ಹೊಗೆಸೊಪ್ಪು, ಸುಣ್ಣವನ್ನು ನಾಯಿಗೆ ಹಚ್ಚಬೇಡಿ. ಅದು ನೆಕ್ಕುತ್ತದೆ, ಹೊಗೆಸೊಪ್ಪು ವಿಷ.

ಮಳೆ ನಿಂತ ಮೇಲೆ ಇಂಬಳ ಕಡಿಮೆ, ಉಣುಗು ಜಾಸ್ತಿ. ಮಂಗಗಳನ್ನು ಕೊಲ್ಲುವ, ಮನುಷ್ಯರಿಗೂ ಬರುವ ಜ್ವರವಾದ ಮಂಗನ ಕಾಯಿಲೆಯನ್ನು (ಕೆಎಫ್‌ಡಿ) ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಈಗ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಕಡೆ ಡಿಸೆಂಬರ್‌ನಿಂದ ಮೇವರೆಗೆ ಅದರ ಭಯ ಇರುತ್ತದೆ. ಅದು ಹರಡುವುದು ಕಾಡಿನ ಉಣುಗಿನಿಂದ. ಪೊದೆಗೆ ನುಗ್ಗಿ ಬಂದ ನಾಯಿಯ ಮೈಮೇಲೆ ಉಣುಗು ಮನೆಯೊಳಗೆ, ಹಾಸಿಗೆಗೆ ಬರಬಹುದು. ಆ ಕಾಲದಲ್ಲಿ ಹೋಗುವುದಾದರೆ ಮಂಗ ಸತ್ತ ಸುದ್ದಿ ಇದೆಯಾ ಅಂತ ಮನೆಯವರನ್ನು ಕೇಳಿ, ಇದ್ದರೆ ಆ ಪ್ರವಾಸ ಮುಂದೂಡಿ. ಉಣುಗು ಹತ್ತದಿರಲಿ ಅಂತ ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ನಮ್ಮ ಕೈಕಾಲಿಗೆ, ನಾಯಿಗಲ್ಲ.

ದಿನಕ್ಕೆ ಎರಡು ಸಲ ನಾಯಿಯ ಮೈ ತಡವಿ ನೋಡಿ. ಬೆರಳ ಸಂದಿ, ಕಿವಿಯ ಒಳಗೆ, ಕಂಕುಳು, ಬಾಲದ ಕೆಳಗೆ. ಸಿಕ್ಕರೆ ಗ್ಲೋವ್ಸ್ ಹಾಕಿ ಚಿಮುಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರವಾಗಿ ಎಳೆಯಿರಿ. ಉಗುರಲ್ಲಿ ಕುಟ್ಟಬೇಡಿ, ಸೋಪಿನ ನೀರಿಗೆ ಹಾಕಿ.

ರಾತ್ರಿ

ಕತ್ತಲಾದ ಮೇಲೆ ನಾಯಿ ಹೊರಗಿರಬಾರದು. ಮಲಗುವ ಮುಂಚೆ ಉಚ್ಚೆಗೆ ಕರೆದೊಯ್ಯುವಾಗ ಇಬ್ಬರು ಹೋಗಿ, ಟಾರ್ಚ್ ಇರಲಿ, ಹಗ್ಗ ಗಿಡ್ಡವಾಗಿರಲಿ, ದೀಪದ ಬೆಳಕು ದಾಟಬೇಡಿ. ಸಕಲೇಶಪುರ, ಕೊಡಗಿನ ಸಿದ್ದಾಪುರ, ವಿರಾಜಪೇಟೆ ಕಡೆ ಕಾಫಿ ತೋಟದಲ್ಲಿ ಆನೆ ಓಡಾಡುತ್ತವೆ. ನಾಯಿ ಬೊಗಳುತ್ತಾ ಆನೆಯ ಹತ್ತಿರ ಓಡಿ, ಆಮೇಲೆ ಹೆದರಿ ಯಜಮಾನನ ಕಾಲ ಬಳಿಗೇ ವಾಪಸ್ ಓಡಿ ಬರುತ್ತದೆ, ಹಿಂದೆ ಆನೆ. ಊರಿನವರು ಇದನ್ನು ಮತ್ತೆ ಮತ್ತೆ ಹೇಳುತ್ತಾರೆ, ಕೇಳಿ.

ಹಾವು ಕಚ್ಚಿದರೆ ನಾಯಿಯನ್ನು ನಡೆಸಬೇಡಿ, ಎತ್ತಿಕೊಳ್ಳಿ. ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಒಬ್ಬರು ಪಶು ಆಸ್ಪತ್ರೆಗೆ ಫೋನ್ ಮಾಡುತ್ತಿರುವಾಗಲೇ ಇನ್ನೊಬ್ಬರು ಗಾಡಿ ತೆಗೆಯಲಿ. ರಾತ್ರಿ ಗಾಡಿ ಓಡಿಸಲು ಒಬ್ಬರಾದರೂ ಕುಡಿಯದೇ ಇರಬೇಕಾದದ್ದು ಇದಕ್ಕೇ.

ಹೊರಡುವ ದಿನ, ಮನೆಗೆ ಬಂದ ಮೇಲೆ

ಹೊರಡುವ ಮುಂಚೆ ಕೋಣೆ ಗುಡಿಸಿ, ಕೂದಲು ಎತ್ತಿ, ಅಂಗಳದಲ್ಲಿ ಹೇಲು ಉಳಿದಿದೆಯಾ ನೋಡಿ. ಏನಾದರೂ ಕಚ್ಚಿ ಹಾಳಾಗಿದ್ದರೆ ನೀವೇ ತೋರಿಸಿ ಲೆಕ್ಕ ಮುಗಿಸಿ. ನಿಮ್ಮ ನಂತರ ನಾಯಿ ಕರೆದುಕೊಂಡು ಬರುವವರಿಗೆ ಆ ಮನೆಯವರು ಬಾಗಿಲು ತೆರೆದಿಡಬೇಕಲ್ವಾ.

ಮನೆಗೆ ಬಂದ ರಾತ್ರಿ ಉಗುರು ಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿಸಿ, ಮತ್ತೊಮ್ಮೆ ಉಣುಗು ಹುಡುಕಿ, ಹಾಸಿಗೆ ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಿರಿ. ಮುಂದಿನ ಮೂರು ವಾರ ನಾಯಿಯ ಊಟದ ಮೇಲೆ ಕಣ್ಣಿಡಿ. ಊಟ ಬಿಟ್ಟರೆ, ಜ್ವರ ಬಂದರೆ, ಒಸಡು ಬಿಳಿಚಿಕೊಂಡರೆ, ಮೂತ್ರ ಕಡು ಹಳದಿಯಾದರೆ ಅಥವಾ ಮೂಗಲ್ಲಿ ರಕ್ತ ಬಂದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ. "ಮಲೆನಾಡಿಗೆ ಹೋಗಿದ್ವಿ, ಹೊಳೆಯಲ್ಲಿ ಆಡಿದೆ, ಮೈಮೇಲೆ ಉಣುಗು ಸಿಕ್ಕಿತ್ತು" ಅಂತ ನೀವೇ ಮೊದಲು ಹೇಳಿ. ನಾಯಿಗೆ ಬರುವ ಉಣುಗಿನ ಜ್ವರ, ಇಲಿ ಜ್ವರ ಎರಡಕ್ಕೂ ಔಷಧಿ ಇದೆ, ಬೇಗ ಹೋದರೆ. ಜೊತೆಗೆ ಬಂದವರಲ್ಲಿ ಯಾರಿಗಾದರೂ ಜ್ವರ ಬಂದರೆ ಅವರೂ ತಮ್ಮ ಡಾಕ್ಟರ್‌ಗೆ ಇದೇ ಮಾತು ಹೇಳಬೇಕು. ಅದಕ್ಕೇ ವಾಪಸ್ ಬಂದ ಮೇಲೂ ಆ ವಾಟ್ಸಾಪ್ ಗುಂಪನ್ನು ಮೂರು ವಾರ ಅಳಿಸಬೇಡಿ.